ಮೊದಲು ಎದುರು ಪಕ್ಷದ ಹೆಸರು

ಅನಸೂಯಾಳಿಗೆ ಕೊಚ್ಚಿಯಲ್ಲಿ ಇದ್ದದ್ದು ಒಂದೇ ಒಂದು ಕೇಸು. ವಕೀಲರು ಸಾಮಾನ್ಯವಾಗಿ ಬಾಯಿಯಿಂದ ಕೇಸು ಕೆಡಿಸಿಕೊಳ್ಳುತ್ತಾರೆ. ಇವಳು ಕಿವಿಯಿಂದ ಕೆಡಿಸಿಕೊಂಡಳು.

ಬ್ಯಾಂಕಿನ ಕಾನೂನು ವಿಭಾಗದಲ್ಲಿ ಇಪ್ಪತ್ತನಾಲ್ಕು ವರ್ಷ ಅಡಮಾನದ ಪತ್ರ ಓದಿ ಓದಿ ಕನ್ನಡಕದ ನಂಬರು ಏರಿಸಿಕೊಂಡಿದ್ದ ತುಮಕೂರಿನ ಹೆಂಗಸು ಅವಳು. ಕೊಚ್ಚಿ ಕಚೇರಿಯಿಂದ ಗುವಾಹಟಿಗೆ ವರ್ಗದ ಆದೇಶ ಬಂದ ದಿನವೇ ಸ್ವಯಂನಿವೃತ್ತಿಗೆ ಅರ್ಜಿ ಹಾಕಿ, ಮೂಲೆ ಸೇರಿದ್ದ ವಕೀಲಿಕೆಯ ಸನ್ನದಿನ ಧೂಳು ಕೊಡವಿ, ಕಲೂರಿನಲ್ಲಿ ಜೆರಾಕ್ಸ್ ಅಂಗಡಿಯ ಮೇಲೊಂದು ಕೋಣೆ ಹಿಡಿದಳು. ಕೌಟುಂಬಿಕ ನ್ಯಾಯಾಲಯ ನಡೆದು ಹೋಗುವಷ್ಟು ಹತ್ತಿರ. ಅಡಮಾನದ ವಾಸನೆಯೇ ಬೇಡ, ಇನ್ನು ಮನುಷ್ಯರ ಕೇಸು ಮಾಡುತ್ತೇನೆ ಎಂಬ ಹಟ ಅವಳದು. ಮನುಷ್ಯರು ಅಡಮಾನಕ್ಕಿಂತ ತೊಡಕು ಎಂಬುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಬೋರ್ಡಿನಲ್ಲಿ ಮಲಯಾಳಂ, ಇಂಗ್ಲಿಷಿನ ಕೆಳಗೆ ಕನ್ನಡದಲ್ಲೂ ಹೆಸರು ಬರೆಸಿದ್ದಳು.

ಆ ಮೂರನೇ ಸಾಲು ನೋಡಿಕೊಂಡೇ ನಂದಿತಾ ಮೆಟ್ಟಿಲು ಹತ್ತಿ ಬಂದದ್ದು. ಪುತ್ತೂರಿನವಳು, ಕಾಕ್ಕನಾಡಿನ ಒಂದು ಬ್ಯಾಂಕ್ ಶಾಖೆಯಲ್ಲಿ ಅಧಿಕಾರಿ, ಆರು ವರ್ಷದ ಮಗಳ ತಾಯಿ. ಗಂಡ ಏಳು ತಿಂಗಳ ಹಿಂದೆ ಅವರ ಕಾಕ್ಕನಾಡಿನ ಫ್ಲ್ಯಾಟು ಬಿಟ್ಟು ಬೇರೆ ರೂಮು ಮಾಡಿದ್ದ.

"ಮೇಡಂ, ನನಗೆ ಮಲಯಾಳಂ ಬರ್ತದೆ. ಬ್ಯಾಂಕಿನ ಕೆಲಸಕ್ಕೆ ಧಾರಾಳ ಸಾಕು. ಆದರೆ ಗಂಡನ ಬಗ್ಗೆ ಹೇಳ್ಲಿಕ್ಕೆ ಅದು ಸಾಕಾಗುದಿಲ್ಲ. ಇಂಗ್ಲಿಷಿನಲ್ಲಿ ಹೇಳಿದರೆ ಅವರು ಒಳ್ಳೆಯವರ ಹಾಗೆ ಕಾಣ್ತಾರೆ" ಎಂದಳು.

ಗಂಡನ ತಪ್ಪುಗಳನ್ನು ಹನ್ನೊಂದು ಪುಟ ಬರೆದು ತಂದಿದ್ದಳು. ಮಗಳು ಅಪ್ಪಅಮ್ಮ ಇಬ್ಬರಿಗೂ ಮಲಯಾಳದಲ್ಲೇ ಉತ್ತರ ಕೊಡುವುದೂ ಅವನ ತಪ್ಪೇ. ತಾನು ಮಾಡಿದ ನೀರುದೋಸೆಯನ್ನು ಎಂಟು ವರ್ಷವೂ ಒದ್ದೆ ಕರ್ಚೀಫು ಎಂದು ಕರೆದದ್ದಂತೂ ಪುಟ ನಾಲ್ಕರಲ್ಲಿ ಕೆಂಪು ಶಾಯಿಯಲ್ಲಿತ್ತು. ಮಗಳು ಪೂರ್ತಿಯಾಗಿ ತನ್ನ ಬಳಿಯೇ ಇರಬೇಕು, ಅವನು ತಿಂಗಳಿಗೊಮ್ಮೆ ಬಂದು ನೋಡಿಕೊಂಡು ಹೋಗಲಿ ಎಂಬುದು ಅವಳ ಬೇಡಿಕೆ. ಅನಸೂಯಾ ವಕಾಲತ್ತಿಗೆ ಸಹಿ ಹಾಕಿಸಿಕೊಂಡು ಅರ್ಜಿಯ ಕರಡು ಶುರುಮಾಡಿದಳು. ಮೊದಲ ಕೇಸಿನ ಸಂಭ್ರಮಕ್ಕೆ ಹೊಸ ಕಪ್ಪು ಕೋಟೂ ಹೊಲಿಸಿದಳು.

ಎರಡು ವಾರದ ನಂತರ ಒಂದು ಬುಧವಾರ ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ಮೇಡಮ್ಮಾರ, ಕನ್ನಡದಾಗ ಮಾತಾಡೋ ವಕೀಲ್ರು ಈ ಊರಾಗ ಅದಾರ ಅಂತ ನನಗ ಗೊತ್ತಿದ್ದಿಲ್ರೀ" ಎಂದಿತು ಒಂದು ಗಂಡು ದನಿ.

ಬ್ಯಾಂಕಿನಲ್ಲಿ ಅವಳಿಗೊಂದು ಅಭ್ಯಾಸ ಅಂಟಿತ್ತು. ಗಿರಾಕಿ ಸಿಟ್ಟಿನಲ್ಲಿದ್ದರೆ ಪೂರ್ತಿ ಹೇಳಲು ಬಿಡಬೇಕು, ಆಮೇಲೆ ಖಾತೆ ನಂಬರು ಕೇಳಬೇಕು. ಮೊದಲೇ ಕೇಳಿದರೆ ಇನ್ನಷ್ಟು ಕೂಗುತ್ತಾರೆ. ಸಾಲದ್ದಕ್ಕೆ ಆವತ್ತು ಬೆಳಗಿನಿಂದ ಒಂದು ಪದ ಕನ್ನಡ ಕಿವಿಗೆ ಬಿದ್ದಿರಲಿಲ್ಲ. "ಏನಾಯ್ತು, ನಿಧಾನವಾಗಿ ಹೇಳಿ" ಎಂದು ಕುರ್ಚಿಗೆ ಒರಗಿದಳು.

ಆತ ಧಾರವಾಡದ ಕಡೆಯವನು, ಕೊಚ್ಚಿಯ ಹೊರವಲಯದ ಏಲೂರಿನ ಕಾರ್ಖಾನೆಗಳ ಮಗ್ಗುಲಿನ ಬ್ಯಾಂಕ್ ಶಾಖೆಯಲ್ಲಿ ಕೆಲಸ. ಹೆಂಡತಿಯ ಹೆಸರು ಹೇಳುವ ಪದ್ಧತಿ ಅವನಿಗಿರಲಿಲ್ಲ. "ನಮ್ಮ ಮನಿಯಾಕಿ" ಎನ್ನುತ್ತಿದ್ದ. ಮಗಳು "ಪುಟ್ಟಿ". ನಲವತ್ತನೇ ನಿಮಿಷಕ್ಕೆ ಊಟದ ವಿಷಯ ಬಂತು.

"ಹಂಚಿನ ಮ್ಯಾಲಿಂದ ಒಂದು ಒದ್ದಿ ಕರ್ಚೀಫು ತಗದು ಹಾಕ್ತಾಳ್ರೀ. ದೋಸಿ ಅಂತಾಳ. ಎಂಟು ವರ್ಷ ತಿಂದೇನಿ."

ಅನಸೂಯಾ ನೆಟ್ಟಗೆ ಕೂತಳು. ಇವನೇ ಹೃಷಿಕೇಶ್, ತನ್ನ ಕಕ್ಷಿದಾರಳ ಗಂಡ. ಆ ಕ್ಷಣವೇ ಫೋನು ಇಡಬೇಕಿತ್ತು, ಅದಕ್ಕೆ ಸನ್ನದೂ ಬೇಕಿಲ್ಲ, ಮರ್ಯಾದೆ ಇದ್ದರೆ ಸಾಕು. ಅವಳು ಇಡಲಿಲ್ಲ. ಕಥೆ ಚೆನ್ನಾಗಿತ್ತು, ಹನ್ನೊಂದು ಪುಟಕ್ಕೆ ಎದುರು ಪುಟಗಳು ತಾವಾಗಿ ತೆರೆಯುತ್ತಿದ್ದವು. ಇನ್ನೂ ಹದಿನೈದು ನಿಮಿಷ ಕೇಳಿದಳು. ಕೊನೆಗೆ ಅವನು ದನಿ ತಗ್ಗಿಸಿದ.

"ಕೂಸಿನ ಸಲುವಾಗಿ ಬಡದಾಡತೇನಿ ಅಂತ ಎಲ್ಲಾರಿಗೂ ಹೇಳೇನ್ರೀ. ಖರೇ ಅಂದ್ರ, ಜಡ್ಜ್ ಸಾಹೇಬ್ರು ಎರಡನೇ ಸಲ ಕೇಳಿದ್ರ ಪುಟ್ಟೀನ ಅಕಿ ಕಡೆ ಬಿಟ್ಟು ಸಹಿ ಮಾಡತೇನಿ. ಕೋರ್ಟಿನ ವರಾಂಡದಾಗ ಅದು ಅಳೂದು ನನಗ ನೋಡಾಕ ಆಗೂದಿಲ್ಲ."

"ಆಮೇಲೆ ಫೋನ್ ಮಾಡ್ತೀನಿ" ಎಂದು ಅನಸೂಯಾ ಇಟ್ಟಳು. ಕೇಸು ಗೆದ್ದಾಗಿತ್ತು. ಎರಡು ಸಲ ಒತ್ತಿ ಕೇಳಿದರೆ ಮುಗಿಯಿತು. ಆ ರಾತ್ರಿ ಊಟ ಸೇರಲಿಲ್ಲ.

ಆ ಶನಿವಾರ ತಿರುವನಂತಪುರದಲ್ಲಿ ಕೌಟುಂಬಿಕ ಕಾನೂನಿಗೆ ಹೊಸಬರಾದ ವಕೀಲರಿಗೆ ಎರಡು ದಿನದ ತರಬೇತಿ ಇತ್ತು. ಬಾಹ್ಯಾಕಾಶ ಕೇಂದ್ರದಲ್ಲಿ ವಿಜ್ಞಾನಿಯಾದ ಗಂಡ ಶ್ರೀಪತಿ ಇರುವುದೂ ಅಲ್ಲೇ, ಹಾಗಾಗಿ ಹೋಟೆಲಿನ ತಾಪತ್ರಯವಿಲ್ಲ. ಸಭಾಂಗಣದಲ್ಲಿ ನಲವತ್ತು ಜನ. ಅರ್ಧಕ್ಕರ್ಧ ಹುಡುಗರು ಅವಳ ಸೀರೆಗಿಂತ ಚಿಕ್ಕ ವಯಸ್ಸಿನವರು. ಮದುವೆಯಾಗದವರೇ ಹೆಚ್ಚು, ಆದರೂ ವಿಚ್ಛೇದನದ ಕಲಮುಗಳು ಅವರಿಗೆ ಬಾಯಿಪಾಠ.

ಪಾಠ ಮಾಡಲು ಬಂದವರು ಏಲಿಯಮ್ಮ ಕುರುವಿಳ ಎಂಬ ಎಪ್ಪತ್ತು ದಾಟಿದ ವಕೀಲೆ. ಮುಕ್ಕಾಲು ಮಲಯಾಳಂ, ಕಾಲು ಇಂಗ್ಲಿಷ್. ಮೈಕು ಸರಿಯಿಲ್ಲ ಎಂದು ಅದನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ಇಟ್ಟರು.

"ಅಳುತ್ತಾ ಒಬ್ಬರು ಫೋನ್ ಮಾಡುತ್ತಾರೆ. ನಿಮ್ಮ ಮೊದಲ ಪ್ರಶ್ನೆ ಏನು?"

ಮದುವೆಯಾದ ದಿನ, ಮಕ್ಕಳೆಷ್ಟು, ಹೊಡೆದನೇ, ಫೀಸು ತರುತ್ತೀರಾ, ಎಲ್ಲ ಉತ್ತರವೂ ಬಂದವು.

"ಎದುರು ಪಕ್ಷದ ಹೆಸರು" ಎಂದರು ಏಲಿಯಮ್ಮ. "ಮೊದಲು ಹೆಸರು, ಆಮೇಲೆ ಕಣ್ಣೀರು. ಇಬ್ಬರ ಕಣ್ಣೀರೂ ಒಂದೇ ಬಟ್ಟಲಿಗೆ ಬಿದ್ದರೆ ಆ ಬಟ್ಟಲನ್ನು ನೀವು ಯಾರಿಗೂ ಕೊಡುವ ಹಾಗಿಲ್ಲ."

ಅನಸೂಯಾ ಕೈ ಎತ್ತಿದಳು. ತನ್ನ ಸ್ನೇಹಿತೆಯೊಬ್ಬಳಿಗೆ ಹೀಗಾಯಿತು ಎಂದು ಹೆಸರು, ಊರು, ದೋಸೆ ಯಾವುದನ್ನೂ ಹೇಳದೆ ಕೇಳಿದಳು.

"ಸ್ನೇಹಿತೆ ಎಷ್ಟು ಹೊತ್ತು ಕೇಳಿಸಿಕೊಂಡಳು?"

"ಐವತ್ತೈದು ನಿಮಿಷ, ಮೇಡಂ."

"ಅವನು ಯಾರೆಂದು ಎಷ್ಟನೇ ನಿಮಿಷಕ್ಕೆ ತಿಳಿಯಿತು?"

"ನಲವತ್ತನೆಯದಕ್ಕೆ."

ಸಭೆ ಗೊಳ್ಳೆಂದಿತು. ಸ್ನೇಹಿತೆ ಯಾರೆಂದು ಹಿಂದಿನ ಬೆಂಚಿಗೂ ಗೊತ್ತಾಗಿತ್ತು. ಏಲಿಯಮ್ಮ ಮಾತ್ರ ನಗದೆ, ಮಗಳನ್ನು ಕರೆಯುವ ಹಾಗೆ ಕರೆದರು. "ಮೋಳೇ, ನಲವತ್ತು ನಿಮಿಷ ದಡ್ಡತನ. ಅದನ್ನು ಕ್ಷಮಿಸಬಹುದು. ಹದಿನೈದು ನಿಮಿಷ ಚಪಲ. ಸ್ನೇಹಿತೆಗೆ ಹೇಳು, ಇಬ್ಬರನ್ನೂ ಬಿಡಲಿ. ಯಾಕೆ ಬಿಟ್ಟೆ ಎಂದೂ ಬಿಡಿಸಿ ಹೇಳದಿರಲಿ."

"ಅವಳಿಗೆ ಇರುವುದೇ ಅದೊಂದು ಕೇಸು."

"ಹಾಗಾದರೆ ಒಂದೂ ಇರುವುದಿಲ್ಲ" ಎಂದು ಅವರು ಮುಂದಿನ ಪುಟ ತಿರುಗಿಸಿದರು.

ಸಂಜೆ ಶ್ರೀಪತಿಯ ಜೊತೆ ಚಾಲೈ ಬೀದಿಯಲ್ಲಿ ಹಲಸಿನ ಚಿಪ್ಸ್ ಕೊಳ್ಳಲು ಹೋದಳು. ಇಬ್ಬರಿಗೂ ಕಚೇರಿಯ ವಿಷಯ ಮನೆಯಲ್ಲಿ ಆಡುವಂತಿಲ್ಲ. ಅವನದು ರಾಕೆಟ್ಟು, ಅವಳದು ಕಕ್ಷಿದಾರರು. ಹೀಗಾಗಿ ಅವರ ದಾಂಪತ್ಯ ಬಹುಪಾಲು ತಿಂಡಿಯ ಮೇಲೆ ನಡೆದುಕೊಂಡು ಬಂದಿತ್ತು.

"ಒಂದು ಕೇಸು ಗೆಲ್ಲೋ ಹಾಗಿದೆ ಕಣ್ರೀ. ಆದ್ರೆ ಕೇಳಬಾರದ್ದು ಕೇಳಿಸ್ಕೊಂಡು ಗೆಲ್ಲೋದು" ಎಂದಳು.

ಅವನು ಚಿಪ್ಸ್ ಒಂದನ್ನು ಕಡಿದು ರುಚಿ ನೋಡಿದ. "ನಮ್ಮಲ್ಲಿ ಒಂದು ಅಳತೆ ತಪ್ಪಿದೆ ಅಂತ ಗೊತ್ತಾದ್ರೆ ಉಡಾವಣೆಯ ಎಣಿಕೆ ನಿಲ್ಲಿಸ್ತಾರೆ. ಎಷ್ಟು ಜನ ಚಪ್ಪಾಳೆಗೆ ಕೈ ಎತ್ತಿದ್ರೂ ಅಷ್ಟೇ. ಇದು ಕರಕಲು, ಬೇರೆ ಕೊಡೋಕೆ ಹೇಳು."

ಗಂಡ ಸರಿಯಾದ ಮಾತು ಹೇಳಿದಾಗ ಬರುವ ಸಿಟ್ಟೇ ಬೇರೆ. ಅನಸೂಯಾ ಆ ಕರಕಲು ಚಿಪ್ಸನ್ನೇ ದುಡ್ಡು ಕೊಟ್ಟು ಕಟ್ಟಿಸಿಕೊಂಡಳು.

ಸೋಮವಾರ ಕಲೂರಿಗೆ ಬಂದು ಇಬ್ಬರನ್ನೂ ಬಿಟ್ಟಳು. ಹೃಷಿಕೇಶನಿಗೆ ಫೋನಿನಲ್ಲಿ, ನಿಮ್ಮ ಕೇಸು ತೆಗೆದುಕೊಳ್ಳಲಾರೆ, ಬೇರೆಯವರನ್ನು ನೋಡಿ ಎಂದಷ್ಟೇ ಹೇಳಿದಳು. ಅವನು "ಯಾಕ್ರೀ, ನಾ ಏನರ ತಪ್ಪು ಮಾತಾಡಿದ್ನೇನ್ರೀ?" ಎಂದು ಎರಡು ಸಲ ಕೇಳಿದ. ಅವಳು ಎರಡು ಸಲವೂ "ಇಲ್ಲ" ಎಂದಳು.

ನಂದಿತಾಳನ್ನು ಕರೆಸಿ ವಕಾಲತ್ತು, ಕರಡು, ಹನ್ನೊಂದು ಪುಟ ಎಲ್ಲವನ್ನೂ ಮೇಜಿನ ಮೇಲಿಟ್ಟಳು.

"ಎಂತ ಇದು?"

"ನಾನು ಈ ಕೇಸು ನಡೆಸೋ ಹಾಗಿಲ್ಲ. ಕಾರಣ ಹೇಳೋ ಹಾಗೂ ಇಲ್ಲ."

"ಎಲ್ಲ ಹೇಳಿ ಆದ ಮೇಲೆ ಹೀಗೆ ಮಾಡುದಾ? ಅಮ್ಮನಿಗೂ ಹೇಳದ್ದು ನಿಮಗೆ ಹೇಳಿದ್ದೇನೆ." ನಂದಿತಾಳ ಕಣ್ಣು ತುಂಬಿತು. "ನೀವು ಕನ್ನಡದವರು ಅಂತ ಬಂದದ್ದು. ನಮ್ಮವರು ಅಂತ ನಂಬಿದ್ದು ನನ್ನ ತಪ್ಪು."

ಅವಳು ಮೆಟ್ಟಿಲಿಳಿದು ಹೋದ ಮೇಲೆ ಅನಸೂಯಾ ಬಾಗಿಲು ಹಾಕಿಕೊಂಡು ಅತ್ತಳು. ಐವತ್ತನೇ ವಯಸ್ಸಿನಲ್ಲಿ ಹೊಸ ಕೋಟಿನ ತೋಳಿಗೆ ಮೂಗು ಒರೆಸಿಕೊಂಡಳು. ಗುವಾಹಟಿಯೇ ವಾಸಿಯಿತ್ತು ಎನಿಸಿತು.

ಹತ್ತು ದಿನ ಬಿಟ್ಟು ರಿಜಿಸ್ಟರ್ಡ್ ಅಂಚೆಯಲ್ಲಿ ನಾಲ್ಕು ಪುಟದ ದೂರು ಬಂತು. ಬಾರ್ ಕೌನ್ಸಿಲಿಗೆ ಇಂಗ್ಲಿಷ್ ಪ್ರತಿ ಹೋಗಿದೆಯೆಂದೂ, ಬೈಗುಳ ಪೂರ್ತಿಯಾಗಿ ತಲುಪಲೆಂದು ಅವಳಿಗೆ ಕನ್ನಡದಲ್ಲೇ ಕಳಿಸಿದೆಯೆಂದೂ ಮೇಲೆಯೇ ಬರೆದಿತ್ತು. ಕೆಳಗೆ ಎರಡು ಸಹಿ, ನಂದಿತಾ ಮತ್ತು ಹೃಷಿಕೇಶ್.

"ಸದರಿ ವಕೀಲರು ನಮ್ಮಿಬ್ಬರ ಗುಟ್ಟನ್ನೂ ಕೇಳಿಕೊಂಡು ಒಂದೇ ದಿನ ಇಬ್ಬರನ್ನೂ ಕೈಬಿಟ್ಟ ಸಂಗತಿ, ನನ್ನ ವಕೀಲರನ್ನು ಕೆಡಿಸಿದ್ದು ನೀವೇ ಎಂದು ನಮ್ಮಲ್ಲೊಬ್ಬರು ಇನ್ನೊಬ್ಬರಿಗೆ ಫೋನ್ ಮಾಡಿ ಜಗಳವಾಡುವಾಗ ತಿಳಿದುಬಂತು" ಎಂದಿತ್ತು ಮೊದಲ ಪುಟ. ಉಳಿದದ್ದರಲ್ಲಿ ಅವಳು ಚಾಡಿಕಿವಿಯವಳು, ವಕೀಲಿಕೆಗೆ ನಾಲಾಯಕ್ಕು. ಒಂದು ಪ್ಯಾರಾ ಅವನ ಗುಂಡು ಅಕ್ಷರದಲ್ಲಿ, ಒಂದು ಅವಳ ಓರೆ ಅಕ್ಷರದಲ್ಲಿ. ಎಷ್ಟು ಸಂಜೆ ಎದುರುಬದುರು ಕೂತು ಬರೆದರೋ, ಬೈಗುಳ ಒಂದಕ್ಕೊಂದು ಚೆನ್ನಾಗಿ ಹೊಂದಿಕೊಂಡಿತ್ತು.

ಮೂರನೇ ಪುಟದಲ್ಲಿ ಒಂದು ಕಾಟು ಇತ್ತು. "ಬೇರೆಯಾಗಲಿರುವ ದಂಪತಿಗಳಾದ ನಾವು" ಎಂದು ಅವನು ಬರೆದಿದ್ದ. "ಬೇರೆಯಾಗಲಿರುವ" ಎಂಬುದನ್ನು ಅವಳು ಹೊಡೆದು ಹಾಕಿ, ಮೇಲೆ "ಸದ್ಯಕ್ಕೆ ಬೇರೆ ಇರುವ" ಎಂದು ತಿದ್ದಿದ್ದಳು. ಬ್ಯಾಂಕಿನವರು ತಿದ್ದಿದ ಪದವನ್ನು ಹಾಗೇ ಬಿಡುವುದಿಲ್ಲ, ಒಪ್ಪಿದವರೆಲ್ಲ ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು. ಇಲ್ಲಿ ಇಬ್ಬರೂ ಹಾಕಿದ್ದರು, ತಾರೀಖು ಸಮೇತ.

ಅನಸೂಯಾ ಆ ಕಾಟನ್ನು ಬಹಳ ಹೊತ್ತು ನೋಡಿದಳು. ತನ್ನ ಹೆಸರಿಗೆ ಮಸಿ ಬಳಿದ ಕಾಗದ ಹಿಡಿದುಕೊಂಡು ಇಷ್ಟು ಸಂತೋಷಪಡುವುದು ಸರಿಯಲ್ಲ ಎನಿಸಿತು. ಆದರೂ ಸಂತೋಷವೇ ಆಯಿತು.

ಉತ್ತರ ಬರೆಯಲು ಐದು ನಿಮಿಷ ಸಾಕಾಯಿತು. "ದೂರು ನಿಜ. ಕೇಳಬಾರದ ಹದಿನೈದು ನಿಮಿಷ ಕೇಳಿಸಿಕೊಂಡೆ, ಅದು ನನ್ನ ತಪ್ಪು. ಕೇಳಿದ್ದು ಏನು ಎಂಬುದನ್ನು ನಿಮ್ಮಿಬ್ಬರಲ್ಲಿ ಯಾರಿಗೂ ಹೇಳಲಾರೆ." ಆಮೇಲೆ ಲಕೋಟೆ ತೆಗೆದು ಶ್ರೀಮತಿ ನಂದಿತಾ ಮತ್ತು ಶ್ರೀ ಹೃಷಿಕೇಶ್ ಎಂದು ಬರೆದಳು. ಉತ್ತರಕ್ಕೆಂದು ಅವರು ಕೊಟ್ಟಿದ್ದು ಒಂದೇ ವಿಳಾಸ, ಕಾಕ್ಕನಾಡಿನ ಫ್ಲ್ಯಾಟಿನದು.