ಬಾವಿಗಿಳಿದ ಬೇಸಿಗೆ

ಮಧುಗಿರಿಯ ಡಾಕ್ಟರು ಭುವನಾಳ ತೋಳಿಗೆ ಸುತ್ತಿದ್ದ ಪಟ್ಟಿ ಬಿಚ್ಚುತ್ತಾ, "ಬಿಪಿ ಜಾಸ್ತಿ ಇದೆ ಕಣಮ್ಮ. ಮಾತ್ರೆ ಬರ್ಕೊಡ್ತೀನಿ. ಆದ್ರೆ ಮೊದಲು ಸಮಾಧಾನವಾಗಿರೋದು ಕಲೀಬೇಕು" ಎಂದರು. ಪುರವರದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಗಂಡ ಪ್ರಭುದೇವ್ ಅದನ್ನೇ ಹೇಳಿದ. ಮನೆಗೆ ಬಂದ ಮೇಲೂ ಬಿಡಲಿಲ್ಲ. ಭುವನಾ ತಗಡಿನ ಶೀಟಿನ ಕೆಳಗೆ ಕೂತು ಮದುವೆ ಸೀಸನ್ನಿನ ಬ್ಲೌಸುಗಳನ್ನು ಹೊಲಿಯುವಾಗ, ಕರೆಂಟು ಹೋಗಿ ಫ್ಯಾನು ನಿಂತಾಗ, ಗಿರಾಕಿಗಳು ಬಾಗಿಲಲ್ಲಿ ನಿಂತು ತಗಾದೆ ಮಾಡುವಾಗ, ಒಳಗಿನಿಂದ "ಸಮಾಧಾನ, ಸಮಾಧಾನ" ಎನ್ನುವ ಅವನ ದನಿ ಕೇಳಿಬರುತ್ತಿತ್ತು. ಹೀಗೆ ಹೇಳುವವನು ಮಾತ್ರ ದಿನಾ ಬೆಳಿಗ್ಗೆ ತೋಟದ ಬಾವಿಗೆ ಹೋಗಿ ಮನಸಾರೆ ಈಜಿ, ಒದ್ದೆ ಟವೆಲು ಹೆಗಲಿಗೆ ಹಾಕಿಕೊಂಡು ತಣ್ಣಗೆ ಮನೆಗೆ ಬರುತ್ತಿದ್ದ.

ಆ ಬಾವಿ ಪ್ರಭುದೇವನಿಗೂ ಅವನ ಅಣ್ಣ ಕುಮಾರಸ್ವಾಮಿಗೂ ಸೇರಿದ್ದು. ತೋಟ ಪಾಲಾದರೂ ಬಾವಿ ಪಾಲಾಗಿರಲಿಲ್ಲ. ಭುವನಾ ಮದುವೆಯಾಗಿ ಬಂದಾಗ ಅದರಲ್ಲಿ ಪಾರಿವಾಳಗಳಿದ್ದವು, ನೀರಿರಲಿಲ್ಲ. ಬೆಳೆಗೆಲ್ಲ ಬೋರ್‌ವೆಲ್ಲೇ ಆಧಾರವಾಗಿತ್ತು. ಎರಡು ಮಳೆಗಾಲ ಚೆನ್ನಾಗಿ ಸುರಿದು ಬಾವಿ ತುಂಬಿದ ಮೇಲೆ ಊರಿನ ಗಂಡಸರಿಗೆ ಬೇಸಿಗೆಯೆಂದರೆ ಹಬ್ಬವಾಯಿತು. ಹತ್ತು ವರ್ಷದ ಹುಡುಗನಿಂದ ಹಿಡಿದು ಹಲ್ಲು ಬಿದ್ದ ಮುದುಕರವರೆಗೆ ಎಲ್ಲರೂ ಕಲ್ಲಿನ ಕಟ್ಟೆಯಿಂದ ಧುಮುಕುತ್ತಿದ್ದರು. ಹೆಂಗಸರು ಮಾತ್ರ ಅವರ ಒದ್ದೆ ಬಟ್ಟೆ ಒಗೆದು ಒಣಗಹಾಕಬೇಕಿತ್ತು. ಭುವನಾ ತವರಿನಲ್ಲಿ ಚಿಕ್ಕವಳಿದ್ದಾಗ ಬಾವಿಯ ತಳ ಮುಟ್ಟಿ ಬಂದವಳು. ದೊಡ್ಡವಳಾದ ಮೇಲೆ ನೀರಿಗಿಳಿಯಬೇಡ ಎಂದಿದ್ದರು. ಯಾಕೆಂದು ಆಗಲೂ ಯಾರೂ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವ ಮಂಜಮ್ಮ ಬ್ಲೌಸ್ ಪೀಸ್ ಕೊಡಲು ಬಂದರು. ಶಾಲೆಗೆ ರಜೆ ಶುರುವಾಗಿತ್ತು. ಕೊಳಾಲದ ಕಡೆಯ ಹಳ್ಳಿಯೊಂದರ ಕಾಲೋನಿಯಲ್ಲಿ ಹುಟ್ಟಿದ ಅವರು ಪುರವರದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದರು. ಆ ಮನೆ ಸಿಗುವ ಮುಂಚೆ ಎಷ್ಟು ಬಾಗಿಲು ಅವರ ಮುಖಕ್ಕೆ ಮುಚ್ಚಿಕೊಂಡಿದ್ದವೆಂಬುದು ಭುವನಾಳಿಗೆ ಗೊತ್ತಿತ್ತು.

ಅಳತೆ ಟೇಪು ಹಿಡಿದ ಅವಳ ಕೈ ಬೆವರಿನಿಂದ ಜಾರುವುದನ್ನು ನೋಡಿ ಮಂಜಮ್ಮ, "ನಮ್ಮೂರಲ್ಲಾಗಿದ್ರೆ ಇಷ್ಟೊತ್ತಿಗೆ ಕೆರೇಲಿ ಬಿದ್ದಿರ್ತಿದ್ದೆ" ಎಂದರು.

"ನಿಮಗೆ ಈಜು ಬತ್ತದಾ ಮಂಜಕ್ಕ?"

"ಬರ್ದೆ ಏನು? ಊರೋರ ಬಾವಿ ಹತ್ರ ನಮ್ಮನ್ನ ಸೇರಿಸ್ತಿರ್ಲಿಲ್ಲ. ಕೆರೆ ಯಾರಪ್ಪಂದೂ ಅಲ್ವಲ್ಲ. ದಿನಾ ಅಲ್ಲೇ."

ಭುವನಾ ಟೇಪು ಕೆಳಗಿಟ್ಟು, "ನಡೀರಿ, ನಮ್ಮ ಬಾವಿಗೆ ಹೋಗಾಣ" ಎಂದಳು. ಮಂಜಮ್ಮ ಅವಳ ಮುಖ ನೋಡಿ, "ಯೋಚ್ನೆ ಮಾಡಿ ಹೇಳ್ತಿದ್ದೀಯಾ ತಾನೆ?" ಎಂದು ಕೇಳಿದರು. ಭುವನಾ ಆ ಪ್ರಶ್ನೆಗೆ ತನಗೆ ತಿಳಿದಷ್ಟೇ ಅರ್ಥ ಮಾಡಿಕೊಂಡು, "ಗಂಡಸರೆಲ್ಲ ಈಗ ಉಂಡು ಮಲಗಿರ್ತಾರೆ ಬುಡಿ" ಎಂದಳು.

ಇಬ್ಬರೂ ಚೂಡಿದಾರ ಹಾಕಿಕೊಂಡು, ವೇಲನ್ನು ಸೊಂಟಕ್ಕೆ ಬಿಗಿದು ಮೆಟ್ಟಿಲಿಳಿದರು. ಬಾವಿಯ ಮೇಲೆ ಬಾಗಿದ್ದ ಹೊಂಗೆ ಮರ ನೀರಿನ ತುಂಬ ಹೂವು ಉದುರಿಸಿತ್ತು. ಮಂಜಮ್ಮ ಸದ್ದೇ ಇಲ್ಲದಂತೆ ನೀರಿಗೆ ಜಾರಿ ಆಚೆ ದಡದಲ್ಲಿ ತಲೆ ಎತ್ತಿದರು. ಭುವನಾ ಮೊಣಕಾಲಷ್ಟು ನೀರಿನಲ್ಲಿ ನಿಂತು ಹಿಂದೆ ಮುಂದೆ ನೋಡಿದಳು. ಕೊನೆಗೆ ಕಣ್ಣು ಮುಚ್ಚಿ ಮೈ ಬಿಟ್ಟಳು. ಕೈಕಾಲು ತಾವಾಗಿಯೇ ಆಡಿದವು. ಮೇಲಿನ ನೀರು ಬೆಚ್ಚಗಿತ್ತು, ಒಂದಾಳು ಕೆಳಗೆ ಹೋದರೆ ಮೈ ಜುಮ್ಮೆನ್ನುವಷ್ಟು ತಂಪು. ಅಂಗಾತ ತೇಲುತ್ತಾ ಎಲೆಗಳ ನಡುವಿನ ಆಕಾಶ ನೋಡಿದಳು. ತನ್ನ ಗಂಡ ದಿನಾ ಇಷ್ಟು ಸುಖ ಪಡುತ್ತಿದ್ದನೆಂದು, ತನಗೆ ಮಾತ್ರ ಬರೀ ಉಪದೇಶ ಮಾಡುತ್ತಿದ್ದನೆಂದು ನೆನೆದು ನೀರಿನಲ್ಲೂ ಅವಳಿಗೆ ಕಿಡಿ ಹತ್ತಿತು. ಮೇಲೆ ಬಂದಾಗ ಇಬ್ಬರಿಗೂ ಎಂಥ ಹಸಿವೆಂದರೆ, ಗಾಳಿಗೆ ಬಿದ್ದಿದ್ದ ಮಾವಿನಕಾಯಿಯನ್ನು ಕಲ್ಲಿಗೆ ಕುಟ್ಟಿ, ಉಪ್ಪಿಲ್ಲ ಖಾರವಿಲ್ಲ, ಹಾಗೇ ತಿಂದರು.

ಆಮೇಲೆ ದಿನಾ ಮಧ್ಯಾಹ್ನ ಹೋದರು. ಮಂಜಮ್ಮ ಉಪ್ಪು ಖಾರದ ಪೊಟ್ಟಣ ತರುತ್ತಿದ್ದರು, ಭುವನಾ ಮಜ್ಜಿಗೆಯ ತಂಬಿಗೆ. ಈಜಿ ಬಂದ ಮೇಲೆ ಅವಳು ಹೊಲಿಗೆ ಮಿಷನ್ನಿನ ಮುಂದೆ ಕೂತರೆ ಗಿರಾಕಿಗಳ ತಗಾದೆ ಕಿವಿಗೆ ತಾಗುತ್ತಲೇ ಇರಲಿಲ್ಲ. ಮಧುಗಿರಿಯ ಡಾಕ್ಟರು ಮತ್ತೆ ಪಟ್ಟಿ ಸುತ್ತಿ ನೋಡಿ, "ಪರವಾಗಿಲ್ವೆ, ಇಳಿದಿದೆ" ಎಂದರು. ಹೇಗೆಂದು ಅವಳು ಹೇಳಲಿಲ್ಲ.

ಒಂದು ದಿನ ಅವರು ನೀರಿನಲ್ಲಿರುವಾಗಲೇ ಕಟ್ಟೆಯ ಮೇಲೆ ಬೈಕು ನಿಂತ ಸದ್ದಾಯಿತು. ಕುಮಾರಸ್ವಾಮಿ ಬಗ್ಗಿ ನೋಡಿದ. ಮೊದಲು ತಮ್ಮನ ಹೆಂಡತಿಯನ್ನು, ಆಮೇಲೆ ಮಂಜಮ್ಮನನ್ನು. ಬೈಕು ತಿರುಗಿಸಿಕೊಂಡು ಹೋದ.

ಮಾರನೆಯ ಬೆಳಿಗ್ಗೆ ಭುವನಾ ತೋಟಕ್ಕೆ ಹೋದರೆ ಬಾವಿಯ ಮೋಟರು ಓಡುತ್ತಿತ್ತು. ದಪ್ಪ ಪೈಪಿನಿಂದ ನೀರು ಭೋರ್ಗರೆದು ಬೀಳುತ್ತಾ, ತೆಂಗಿಗೂ ಅಲ್ಲ, ಬಾಳೆಗೂ ಅಲ್ಲ, ಏನೂ ಬಿತ್ತದ ಕಲ್ಲು ಹೊಲಕ್ಕೆ ಹರಿದು ಹೋಗುತ್ತಿತ್ತು. ಊರಿನ ನಲ್ಲಿಯಲ್ಲಿ ಹನಿ ನೀರಿಗೆ ಹೆಂಗಸರು ಕೊಡ ಹಿಡಿದು ಕಾಯುವ ಕಾಲ. ಅವಳು ನೇರವಾಗಿ ಭಾವನ ಮನೆಗೆ ಹೋದಳು. ಓರಗಿತ್ತಿ ಪುಷ್ಪಾವತಿ ಅಂಗಳದಲ್ಲಿ ಸಂಡಿಗೆ ಇಡುತ್ತಿದ್ದಳು.

"ಅಕ್ಕ, ನೀರು ಯಾಕೆ ಆಚೆ ಬುಡ್ತಾವ್ರೆ?"

ಪುಷ್ಪಾವತಿ ತಲೆ ಎತ್ತಲಿಲ್ಲ. "ನೀನು ಇಳಿದಿದ್ದಕ್ಕೆ ಏನೂ ಅನ್ನಲಿಲ್ಲ ಕಣಮ್ಮ. ಆ ಮೇಡಮ್ಮನ್ನ ಯಾಕೆ ಇಳಿಸ್ದೆ? ನೀರೆಲ್ಲ ಖಾಲಿ ಮಾಡ್ಸಿ, ಹೊಸ ನೀರು ಬಂದ್ಮೇಲೆ ಗಂಗಾಪೂಜೆ ಮಾಡ್ಸಬೇಕು ಅಂದ್ರು ನಿಮ್ಮ ಭಾವ."

ಭುವನಾಳಿಗೆ ಕಿವಿಯಲ್ಲಿ ರಕ್ತ ಬಡಿದುಕೊಂಡಂತಾಯಿತು. ತೋಟಕ್ಕೆ ಓಡಿದಳು. ಮೋಟರಿನ ಕೆಂಪು ಗುಂಡಿ ಒತ್ತಿ, ಫ್ಯೂಸುಗಳನ್ನು ಕಿತ್ತು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ನೀರು ಆಗಲೇ ಎಷ್ಟೋ ಮೆಟ್ಟಿಲು ಇಳಿದಿತ್ತು. ಹಸಿರು ಪಾಚಿ ಹಿಡಿದ ಕಲ್ಲುಗಳು ಬಿಸಿಲಿಗೆ ಬೆತ್ತಲಾಗಿ ನಿಂತಿದ್ದವು.

ಸುದ್ದಿ ತಿಳಿದು ಪ್ರಭುದೇವ್ ಏದುಸಿರು ಬಿಡುತ್ತಾ ಬಂದ. "ಫ್ಯೂಸು ಕೊಡು. ಅಣ್ಣ ಸಿಟ್ಟಾಗವ್ನೆ. ಸ್ವಲ್ಪ ಸಮಾಧಾನ ಮಾಡ್ಕೊ, ನಿಂಗೆ ಬಿಪಿ ಐತೆ."

"ಬಿಪಿ ಇರೋದು ನಂಗೆ. ಹೊಲಸು ಬುದ್ಧಿ ಇರೋದು ನಿಮ್ಮಣ್ಣಂಗೆ. ಸಮಾಧಾನ ನಾನು ಮಾಡ್ಕೋಬೇಕಾ? ನಿಮ್ಮೂರಿನ ಗಂಡಸರು ದಿನಾ ಮೈ ತಿಕ್ಕಿ ಸೋಪು ಹಚ್ಚಿ ಬೀಳ್ತಾರಲ್ಲ, ಆಗ ಬಾವಿಗೆ ಏನೂ ಆಗ್ಲಿಲ್ಲ. ಮಂಜಕ್ಕ ಇಳಿದ ತಕ್ಷಣ ಗಂಗೆ ಮೈಲಿಗೆಯಾಗ್ಬುಟ್ಳಾ? ಹೋಗಿ ಕೇಳಿ ನಿಮ್ಮಣ್ಣನ್ನ."

"ದೊಡ್ಡೋನು. ಹೆಂಗೆ ಕೇಳ್ಲಿ?"

"ಅಂಗಾದ್ರೆ ನನ್ನನ್ನೂ ಏನೂ ಕೇಳ್ಬೇಡಿ."

ಅವನು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾ ಹೊರಟುಹೋದ. ಅವನ ಬೆನ್ನು ನೋಡುತ್ತಾ ನಿಂತ ಭುವನಾಳಿಗೆ ಭಾವನಿಗಿಂತ ಇವನ ಮೇಲೆಯೇ ಹೆಚ್ಚು ಸಿಟ್ಟು ಬಂತು.

ಮಂಜಮ್ಮನ ಮನೆಗೆ ಹೋಗಿ ವಿಷಯ ಹೇಳುವುದು ಅದಕ್ಕಿಂತ ಕಷ್ಟವಾಗಿತ್ತು. ಹೇಳಿ ಮುಗಿಸುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು. ಮಂಜಮ್ಮ ಕರಬೂಜದ ಪಾನಕದ ಲೋಟವನ್ನು ಅವಳ ಮುಂದೆ ಇಟ್ಟರು.

"ಯೋಚ್ನೆ ಮಾಡಿದ್ದೀಯಾ ಅಂತ ಅವತ್ತೇ ಕೇಳ್ದೆ" ಎಂದರು.

"ನಾನು ಹೋಗಿ ಭಾವನ್ನ ಬೀದೀಲಿ ನಿಲ್ಲಿಸಿ ಮಂಗಳಾರತಿ ಮಾಡ್ತೀನಿ ಮಂಜಕ್ಕ."

"ಬೇಡ. ನಿನ್ನ ಜಗಳ ನೀನು ಆಡು, ಗಂಡನ ಹತ್ರ ಬೇಕಾದಷ್ಟೈತೆ. ಇದು ನನ್ನದು." ಮಂಜಮ್ಮ ಎದ್ದು ಚಪ್ಪಲಿ ಮೆಟ್ಟಿದರು. ಅವರ ದನಿ ಏರಿರಲಿಲ್ಲ. ಭುವನಾ ಹಿಂದೆಯೇ ಹೋದಳು.

ಕುಮಾರಸ್ವಾಮಿ ಜಗಲಿಯ ಮೇಲೆ ಕೂತು ಫೋನು ನೋಡುತ್ತಿದ್ದ. ಅವನ ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕಲಿತದ್ದು ಮಂಜಮ್ಮನ ಹತ್ತಿರವೇ. ಅವರನ್ನು ಕಂಡದ್ದೇ ಎದ್ದುನಿಂತ. "ಬನ್ನಿ ಮೇಡಂ, ಬನ್ನಿ" ಎನ್ನುತ್ತಾ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಜಗಲಿಯಿಂದ ಕೆಳಗಿಳಿಸಿ ಅಂಗಳದಲ್ಲಿ ಹಾಕಿದ. ಮಂಜಮ್ಮ ಕೂರಲಿಲ್ಲ.

"ಬಾವಿ ನೀರು ಯಾಕೆ ಖಾಲಿ ಮಾಡಿಸ್ತಿದ್ದೀರಿ?"

"ಅದಾ? ಹೂಳು ಮೇಡಂ. ಸುಮಾರು ವರ್ಷದಿಂದ ತುಂಬ್ಕೊಂಡೈತೆ."

"ನಾನು ಇಳಿದಿದ್ದು ನೋಡಿದ ಮಾರನೆ ದಿನವೇ ಹೂಳು ಕಣ್ಣಿಗೆ ಬಿತ್ತಾ?"

ಅವನು ಒಳಗಿನ ಬಾಗಿಲ ಕಡೆ ನೋಡಿದ. ಅಲ್ಲಿ ಪುಷ್ಪಾವತಿ ನಿಂತಿದ್ದಳು.

"ಗಂಗಾಪೂಜೆ ಮಾಡಿಸ್ಬೇಕು ಅಂದ್ರಂತೆ. ನನ್ನಿಂದ ನೀರಿಗೆ ಏನಾಯ್ತು ಅಂತ ನನ್ನ ಮುಖ ನೋಡ್ಕೊಂಡು ಹೇಳಿ. ಕೇಳೋಕೇ ಬಂದಿದ್ದೀನಿ."

"ಅಂಗಲ್ಲ ಮೇಡಂ. ನಾವೇನು ಅಂಥೋರಲ್ಲ. ಊರೋರು ನಾಳೆ ಒಂದು ಮಾತು ಅಂದ್ಬುಟ್ರೆ ಕಷ್ಟ. ನೀವು ಓದಿರೋರು, ಸ್ವಲ್ಪ ಸಮಾಧಾನ ಮಾಡ್ಕೋಬೇಕು."

"ಹುಟ್ಟಿದಾಗಿನಿಂದ ಅದನ್ನೇ ಮಾಡ್ಕೊಂಡು ಬಂದಿದ್ದೀನಿ ಕುಮಾರಸ್ವಾಮಿಯವರೆ. ನಿಮ್ಮ ಮಗಳಿಗೆ ಲೆಕ್ಕ ಹೇಳಿಕೊಡುವಾಗ ಅವಳು ನನ್ನ ಮನೇಲಿ ನೀರು ಕುಡಿದಿದ್ದಾಳೆ. ಅವಳನ್ನೂ ತೊಳೆಸ್ತೀರಾ?"

ಕುಮಾರಸ್ವಾಮಿಯ ಮುಖ ಕಪ್ಪಿಟ್ಟಿತು.

"ನಾಳೆ ಮಧ್ಯಾಹ್ನ ನಾನು ಈಜೋಕೆ ಬರ್ತೀನಿ. ತಡೀಬೇಕು ಅನ್ಸಿದ್ರೆ ಅಲ್ಲೇ ಬಂದು, ಕಾರಣ ಹೇಳಿ ತಡೀರಿ. ಆಮೇಲೆ ಪೊಲೀಸರ ಹತ್ರ ನೀವು ಹೂಳಿನ ಕತೆ ಹೇಳ್ಕೊಳ್ಳಿ, ನಾನು ನನ್ನದು ಹೇಳ್ತೀನಿ."

ಮಾರನೆಯ ದಿನ ಮಂಜಮ್ಮ ಹೇಳಿದ ಹೊತ್ತಿಗೆ ಬಂದರು. ಕುಮಾರಸ್ವಾಮಿ ಊರಿನ ಇನ್ನಿಬ್ಬರು ಗಂಡಸರ ಜೊತೆ ದೂರದ ಬದುವಿನ ಮೇಲೆ ನಿಂತಿದ್ದ. ಭುವನಾ ಅವರ ಕಡೆ ಮುಖ ಮಾಡಿ, ಸೊಂಟದ ಮೇಲೆ ಕೈಯಿಟ್ಟು ಕಟ್ಟೆಯ ಮೇಲೆ ನಿಂತಳು. ಮಂಜಮ್ಮ ತಿರುಗಿಯೂ ನೋಡದೆ ಮೆಟ್ಟಿಲಿಳಿದು ನೀರು ಸೇರಿದರು. ಆ ಮೂವರೂ ಸ್ವಲ್ಪ ಹೊತ್ತು ನಿಂತಿದ್ದು, ಬಿಸಿಲು ತಾಳದೆ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

ಗಂಗಾಪೂಜೆ ನಡೆಯಲಿಲ್ಲ. ಆದರೆ ಗಂಡಸರು ಬಾವಿಗೆ ಬರುವುದನ್ನು ನಿಲ್ಲಿಸಿದರು. ಒಬ್ಬ ಬೆನ್ನು ನೋವೆಂದ, ಇನ್ನೊಬ್ಬ ನೀರು ಕಮ್ಮಿಯಾಗಿದೆ ಎಂದ. ಪ್ರಭುದೇವ್ ಶೀತವೆಂದು ಹೇಳಿ ಬಚ್ಚಲಲ್ಲಿ ಬಕೆಟ್ಟಿನಲ್ಲಿ ಸ್ನಾನ ಮಾಡತೊಡಗಿದ. ಬಚ್ಚಲಿನಿಂದ ಬರುವ ಚೊಂಬಿನ ಸದ್ದು ಕೇಳಿದಾಗಲೆಲ್ಲ ಭುವನಾ ಮಿಷನ್ನನ್ನು ಇನ್ನಷ್ಟು ಜೋರಾಗಿ ತುಳಿಯುತ್ತಿದ್ದಳು.

ಬಾವಿ ಹಾಗೆಂದು ಖಾಲಿ ಉಳಿಯಲಿಲ್ಲ. ಮಂಜಮ್ಮ ತಮ್ಮ ಶಾಲೆಯ ನಾಲ್ಕಾರು ಹುಡುಗಿಯರನ್ನು ಕರೆತಂದರು. ಕಾಲೋನಿಯವರೂ ಇದ್ದರು, ಊರಿನವರೂ ಇದ್ದರು. ಭುವನಾ ಅವರ ಬೆನ್ನಿಗೆ ಖಾಲಿ ಕ್ಯಾನು ಬಿಗಿಯಾಗಿ ಕಟ್ಟಿ ಒಬ್ಬೊಬ್ಬರನ್ನೇ ನೀರಿಗೆ ಬಿಡುತ್ತಿದ್ದಳು. ಮೊದಲು ಕಿರುಚುತ್ತಿದ್ದ ಹುಡುಗಿಯರು ವಾರ ಕಳೆಯುವಷ್ಟರಲ್ಲಿ ಮೇಲೆ ಬರಲು ಒಪ್ಪುತ್ತಿರಲಿಲ್ಲ.

ಒಂದು ಮಧ್ಯಾಹ್ನ ಪ್ರಭುದೇವ್ ಬಂದು ಮೇಲಿನ ಮೆಟ್ಟಿಲಿನ ಮೇಲೆ ನಿಂತ. ಭುವನಾ ನೀರಿನಲ್ಲಿದ್ದಳು.

"ಅಣ್ಣಂಗೆ ಹೇಳ್ದೆ" ಎಂದ ಅವನು. "ನೀನು ಮಾಡಿದ್ದು ತಪ್ಪು ಕಣಣ್ಣ ಅಂದೆ."

"ಯಾವಾಗ?"

"ಈಗ. ಬರೋ ದಾರೀಲಿ."

"ಎಷ್ಟು ದಿನ ಬೇಕಾಯ್ತು?" ಎಂದಳು ಭುವನಾ.

ಅವನು ಮೆಟ್ಟಿಲಿಳಿದು, ಪ್ಯಾಂಟು ಮಡಚಿ, ನೀರಿನಲ್ಲಿ ಕಾಲು ಇಳಿಬಿಟ್ಟು ಕೂತ. ಮಂಜಮ್ಮ ಅವನಿಗೆ ತಲೆಯಾಡಿಸಿ ಮತ್ತೆ ಹುಡುಗಿಯರ ಕಡೆ ತಿರುಗಿದರು. ಭುವನಾ ಮಾತ್ರ ಗಂಡನಿಗೆ ಬೆನ್ನು ಹಾಕಿ, ಉದ್ದಕ್ಕೆ ಕೈ ಚಾಚಿ ಆಚೆ ದಡಕ್ಕೆ ಈಜಿದಳು. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ.