ಹೆಸರು ಬೇಡ, ಬೆಲೆ ಹಾಕಿಸಿ

ಬಂಧಿತರ ಹಕ್ಕುಗಳಿಗಾಗಿ ದುಡಿಯುವ ಸಂಸ್ಥೆಯ ಕಾರ್ಯದರ್ಶಿಗೆ ಮನೆಯಲ್ಲಿದ್ದ ಹೆಸರು ‘ಪತ್ತೇದಾರಿ ಅತ್ತಿಗೆ’. ಇಟ್ಟವನು ಮೈದುನ. ಹಾಲು ಉಕ್ಕಿತು ಎಂದರೂ ನೋಡಿದವರು ಯಾರು ಎಂದು ಕೇಳುತ್ತಾಳೆ ಎಂಬುದು ಅವನ ದೂರು. ಅವಳ ಕೆಲಸವೇ ಅದಾಗಿತ್ತು. ವಿಚಾರಣೆಯಿಲ್ಲದೆ ಕೂಡಿಹಾಕಿದವರ ಮನೆಗಳಿಗೆ ಹೋಗುವುದು, ಒಬ್ಬರು ಹೇಳಿದ್ದನ್ನು ಇನ್ನಿಬ್ಬರ ಬಾಯಲ್ಲಿ ಕೇಳಿದ ಮೇಲಷ್ಟೇ ನಂಬುವುದು. ಸಂಸ್ಥೆಗಿದ್ದ ಆಸ್ತಿ ಒಂದು ಅಲುಗಾಡುವ ಮೇಜು, ಮತ್ತು ‘ಇವರು ಹೇಳಿದರೆ ಸುಳ್ಳಿರುವುದಿಲ್ಲ’ ಎಂಬ ಹೆಸರು. ಹಣದ ಮಾತೆತ್ತುವಂತಿರಲಿಲ್ಲ. ವಕೀಲ ಸಂಬಳವಿಲ್ಲದೆ ಓಡಾಡುತ್ತಿದ್ದ. ಅವನೂ ನಿಂತರೆ ಒಳಗಿದ್ದವರನ್ನು ಕೇಳುವವರೇ ಇರಲಿಲ್ಲ.

ಇಂಥ ಹೊತ್ತಿನಲ್ಲಿ ದಾನಿ ಬಂದರು. ಇಸ್ತ್ರಿಯ ಗೆರೆ ಮುರಿಯದ ಅಂಗಿ, ಬೆಣ್ಣೆಯಲ್ಲಿ ಕೂದಲೆಳೆದಂಥ ಮಾತು. ರಟ್ಟುಗಳ ನಡುವಿನಿಂದ ಅವರು ಹೊರತೆಗೆದದ್ದು ಮರದ ಅಚ್ಚಿನಿಂದ ತೆಗೆದ ಒಂದು ಚಿತ್ರ: ಮುಚ್ಚಿದ ಬಾಗಿಲು, ಮುಂದೆ ಒಂದು ಜೊತೆ ಚಪ್ಪಲಿ. ಕಲಾವಿದ ತೀರಿಕೊಂಡು ಬಹಳ ಕಾಲವಾಗಿತ್ತು. ತೆಗೆದದ್ದು ಏಳೇ ಪ್ರತಿ. ಇದು ನಾಲ್ಕನೆಯದು ಎಂದು ಕೆಳಗೆ ಪೆನ್ಸಿಲಿನಲ್ಲಿ ಅವನೇ ಬರೆದಿದ್ದ. ಹರಾಜು ಹಾಕಿ, ಬಂದದ್ದೆಲ್ಲ ಸಂಸ್ಥೆಗೆ ಎಂದರು ದಾನಿ. ಉಳಿದ ಆರು ಎಲ್ಲಿವೆ ಎಂದು ಅವಳು ಕೇಳಿದಳು. ದೇವರಿಗೇ ಗೊತ್ತು ಎಂದರು. ದೇವರನ್ನು ವಿಚಾರಣೆಗೆ ಕರೆಯುವುದು ಸಂಸ್ಥೆಯ ವ್ಯಾಪ್ತಿಗೆ ಬರುತ್ತಿರಲಿಲ್ಲವಾದ್ದರಿಂದ ಸುಮ್ಮನಾದಳು.

ಹೊರಡುವಾಗ ಅವರು ಬಾಗಿಲಲ್ಲಿ ತಿರುಗಿ ನಿಂತರು. “ಪತ್ರಿಕೆಯಲ್ಲಿ ನನ್ನ ಹೆಸರು ಬೇಡಮ್ಮ. ಎಷ್ಟಕ್ಕೆ ಹೋಯ್ತು ಅನ್ನೋದನ್ನ ಮಾತ್ರ ಹಾಕಿಸಿ.”

ಎಂಥ ವಿನಯ ಎಂದು ವಕೀಲ ಕರಗಿಹೋದ. ಅವಳಿಗೆ ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಂತಾಯಿತು. ಹೆಸರು ಬೇಡವೆಂದ ದಾನಿಗಳನ್ನು ಅವಳು ಕಂಡಿದ್ದಳು. ಬೆಲೆ ಬೇಕೆಂದ ದಾನಿ ಇವರೇ ಮೊದಲು. ಒಂದನ್ನು ಧರ್ಮಕ್ಕೆ ಬಿಟ್ಟು, ಬೆಲೆ ಮುಗಿಲಿಗೇರಿಸಿ, ಅದನ್ನು ಪತ್ರಿಕೆಯಲ್ಲಿ ಹಾಕಿಸಿದರೆ ಮನೆಯಲ್ಲಿ ಕೂತ ಆರಕ್ಕೂ ಅದೇ ಬೆಲೆಯಲ್ಲವೇ?

“ಅಕ್ಕ, ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು,” ಎಂದ ವಕೀಲ.

“ಹಲ್ಲು ಯಾರು ಎಣಿಸ್ತಿದಾರಪ್ಪ? ಕೊಟ್ಟಿಗೇಲಿ ಇನ್ನೆಷ್ಟು ಎಮ್ಮೆ ಇವೆ ಅಂತ ನೋಡ್ತಿದೀನಿ.”

ಬೇಡವೆಂದರೆ ವಕೀಲನಿಗೆ ಸಂಬಳವಿಲ್ಲ. ಬೇಕೆಂದು ಕಣ್ಣು ಮುಚ್ಚಿಕೊಂಡರೆ, ನಾಳೆ ಆ ಆರು ಅಂಗಡಿಗೆ ಬಂದ ದಿನ ಊರೆಲ್ಲ ಆಡಿಕೊಳ್ಳುತ್ತದೆ. ಆಮೇಲೆ ನ್ಯಾಯಾಲಯದಲ್ಲಿ ಇವರ ಮಾತಿಗೆ ಮೂರು ಕಾಸಿನ ಬೆಲೆ. ಪುರಾವೆ ಮಾತ್ರ ಯಾವುದೂ ಇರಲಿಲ್ಲ. ಪುರಾವೆಯಿಲ್ಲದೆ ಬೇರೆಯವರು ಯಾರನ್ನಾದರೂ ಅನುಮಾನಿಸಿದ್ದರೆ ಅವಳೇ ಖಂಡನಾ ಪತ್ರ ಬರೆಯುತ್ತಿದ್ದಳು.

ಹರಾಜಿನ ದಿನ ಬಾಡಿಗೆ ಸಭಾಂಗಣ ತುಂಬಿತ್ತು. ದಾನಿ ಕೊನೆಯ ಸಾಲಿನಲ್ಲಿ, ಯಾರ ಕಣ್ಣಿಗೂ ಬೀಳಬಾರದೆಂದು ಎಲ್ಲರಿಗೂ ಕಾಣುವಂತೆ ಕೂತಿದ್ದರು. ಮುಂದಿನ ಸಾಲಿನಲ್ಲಿ ಕಿರುಗುಟ್ಟುವ ಬೂಟಿನ ದಪ್ಪ ಮನುಷ್ಯನೊಬ್ಬ. ತಾನು ಯಾರು ಎಂದು ಅವನಾಗಿ ಹೇಳಲಿಲ್ಲ. ಬಾಗಿಲಲ್ಲಿ ಅವಳು ಕೇಳಿದ್ದಕ್ಕೆ ‘ಕಲೆ ಅಂದ್ರೆ ಪ್ರಾಣ’ ಎಂದಿದ್ದ. ಕೂಗು ಶುರುವಾಯಿತು. ಒಬ್ಬೊಬ್ಬರೇ ಕೈಬಿಟ್ಟು ಕೊನೆಗೆ ಉಳಿದವರು ಈ ಬೂಟು ಮತ್ತು ಊರಿನ ಕಣ್ಣಿನ ಡಾಕ್ಟರೊಬ್ಬರು. ಡಾಕ್ಟರು ಎರಡು ಲಕ್ಷಕ್ಕೆ ನಿಂತರು. ಬೂಟು ಮೂರು ಎಂದಿತು. ಡಾಕ್ಟರು ಕನ್ನಡಕ ಒರೆಸಿಕೊಂಡು ಬೇಡವೆಂದು ತಲೆಯಾಡಿಸಿದರು. ಬೂಟು ನಾಲ್ಕು ಎಂದಿತು.

“ಸ್ವಾಮಿ, ಮೂರರ ಕೂಗೂ ನಿಮ್ಮದೇ,” ಎಂದ ಹರಾಜುಗಾರ.

“ಗೊತ್ತು. ಐದು.”

ಸಭೆ ನಕ್ಕಿತು. ಅವಳು ನಗಲಿಲ್ಲ. ಹರಾಜುಗಾರ ಸುತ್ತಿಗೆ ಎತ್ತುವ ಮೊದಲೇ ವೇದಿಕೆ ಹತ್ತಿ ಮೈಕು ಹಿಡಿದಳು. ಮೂರು ಬಾಯಲ್ಲಿ ಕೇಳದೆ ಒಂದು ಮಾತೂ ಆಡದವಳು, ಯಾರ ಬಾಯಲ್ಲೂ ಕೇಳದ ಒಂದನ್ನು ಅಂದು ಆಡಿದಳು.

“ಒಂದು ಸಂತೋಷದ ಸುದ್ದಿ. ಈ ಚಿತ್ರ ಕೊಟ್ಟ ಹಿರಿಯರು ತಮ್ಮ ಹತ್ತಿರ ಇರೋ ಉಳಿದ ಆರನ್ನೂ ಸಂಸ್ಥೆಗೇ ಕೊಡ್ತಿದಾರೆ.”

ಚಪ್ಪಾಳೆ ಬಿತ್ತು. ದಾನಿ ಬಾಯಿ ತೆರೆಯುವುದಕ್ಕೆ ಮುಂಚೆ ಮುಂದಿನ ಸಾಲಿನ ಬೂಟು ಕಿರುಗುಟ್ಟಿತು. ದಪ್ಪ ಮನುಷ್ಯ ಕುರ್ಚಿಯಲ್ಲಿ ಪೂರಾ ಹಿಂದಕ್ಕೆ ತಿರುಗಿ, ಇಡೀ ಸಭೆಯ ತಲೆಗಳ ಮೇಲಿಂದ ಕೇಳಿದ:

“ಆರೂನಾ ಭಾವ? ಅಕ್ಕನಿಗೆ ಹೇಳಿದೀರಾ?”

ಚಪ್ಪಾಳೆ ಅಲ್ಲಲ್ಲೇ ಸತ್ತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಎಲ್ಲರಿಗೂ ಗೊತ್ತಿತ್ತು. ಒಬ್ಬನ ಹೆಗಲನ್ನು ಇನ್ನೊಬ್ಬ ಒರೆಸಿಕೊಟ್ಟದ್ದನ್ನು ಕಂಡದ್ದು ಅಂದೇ. ದಾನಿ ಇಂಗು ತಿಂದ ಮಂಗನಂತೆ ಎದ್ದು ನಿಂತು ಕೈ ಮುಗಿದರು. ಹೌದು, ಕೊಡುವೆನೆಂದರು. ಅಷ್ಟು ಜನ ನೋಡುತ್ತಿರುವಾಗ ಇನ್ನೇನು ಹೇಳಲಾದೀತು?

ಭಾವಮೈದುನನ ಕೂಗುಗಳನ್ನೆಲ್ಲ ಹರಾಜುಗಾರ ಹೊಡೆದುಹಾಕಿದ. ಏಳೂ ಹೊರಬಂದಿವೆ, ಈಗಲೂ ಬೇಕೆ ಎಂದು ಅವಳು ಕಣ್ಣಿನ ಡಾಕ್ಟರರನ್ನು ನೇರವಾಗಿ ಕೇಳಿದಳು. ಅವರು ತಮಗೆ ಬೇಕಾದದ್ದು ಆ ಚಪ್ಪಲಿಗಳು, ಲೆಕ್ಕವಲ್ಲ ಎಂದು ಎರಡು ಲಕ್ಷಕ್ಕೇ ತೆಗೆದುಕೊಂಡರು. ಪತ್ರಿಕೆಯಲ್ಲಿ ಹೆಸರೂ ಬಂತು, ಬೆಲೆಯೂ ಬಂತು. ಹೆಸರು ದೊಡ್ಡ ಅಕ್ಷರದಲ್ಲಿತ್ತು.

ಬಾಕಿ ಸಂಬಳ ಜೇಬಿಗಿಳಿಸುತ್ತ ವಕೀಲ ಗಂಟಲು ಸರಿಮಾಡಿಕೊಂಡ. “ಒಂದು ಮಾತು ಅಕ್ಕ. ಹೀಗೆ ಇಕ್ಕಟ್ಟಿಗೆ ಸಿಕ್ಕಿಸಿ ಬಾಯಿ ಬಿಡಿಸಿದ ಹೇಳಿಕೆ ನ್ಯಾಯಾಲಯದಲ್ಲಿ ನಿಲ್ಲೋದಿಲ್ಲ. ನೀವೇ ಎಷ್ಟು ಸಲ ಬರೆದಿದೀರಿ.”

ಆ ಮಾತು ಅವಳಿಗೆ ಸಭಾಂಗಣದ ಮೆಟ್ಟಿಲಿಳಿಯುವಾಗಲೇ ಚುಚ್ಚಿತ್ತು. ಅನುಮಾನ ನಿಜವಾಯಿತೆಂಬ ಖುಷಿ ಅಲ್ಲಿಂದೀಚೆಗೆ ಅರ್ಧಕ್ಕರ್ಧ ಇಳಿದಿತ್ತು. ಅಷ್ಟರಲ್ಲಿ ದಾನಿಯ ಮನೆಯಿಂದ ಕಟ್ಟು ಬಂತು. ಬಿಚ್ಚಿದಳು. ಒಳಗಿದ್ದದ್ದು ಐದು. ಒಂದನ್ನು ಗೆದ್ದಲು ತಿಂದುಬಿಟ್ಟಿದೆ, ಕ್ಷಮಿಸಬೇಕು ಎಂದು ತಂದವನ ಬಾಯಲ್ಲಿ ಹೇಳಿಕಳಿಸಿದ್ದರು.

ಅವಳು ಐದನ್ನೂ ಬೆಳಕಿಗೆ ಹಿಡಿದು ನೋಡಿದಳು. ಒಂದರಲ್ಲೂ ಸೂಜಿಮೊನೆಯಷ್ಟು ತೂತಿರಲಿಲ್ಲ.

“ಈ ಸಲ ಸುಳ್ಳು ಹೇಳಲ್ಲ,” ಎಂದು ಚೀಲ ಹೆಗಲಿಗೇರಿಸಿದಳು. “ಸುಮ್ಮನೆ ಹೋಗಿ ಅವರ ಮನೆಯವರನ್ನೇ ಕೇಳ್ತೀನಿ, ಗೆದ್ದಲು ನೋಡಿದವರು ಯಾರು ಅಂತ.”