ಮೂರನೇ ತಿರುವಿನ ಚಿತ್ರ

ಬೈಕ್ ಸವಾರರಿಗೆ ನಾನು ಮುಖ ಬರೆಯುವುದಿಲ್ಲ. ಹೆಲ್ಮೆಟ್ಟಿಗೆ ಒಂದು ಚುಕ್ಕೆ, ಬೆನ್ನಿಗೆ ಒಂದು ಬೀಸು, ಚಕ್ರಕ್ಕೆ ಅರ್ಧ ಸುತ್ತು, ಮುಗಿಯಿತು. ಹಳೆಯ ಕಲ್ಲು ಕ್ವಾರಿಯಲ್ಲಿ ಭಾನುವಾರ ರೇಸು ನಡೆಯುವಾಗ ಮೂರನೇ ತಿರುವಿನ ದಿಬ್ಬದ ಮೇಲೆ, ಸವಾರರು ಎದುರಿಗೇ ನುಗ್ಗಿ ಬರುವ ಕಡೆ, ಹಲಗೆಯನ್ನು ತೊಡೆಯ ಮೇಲಿಟ್ಟು ಕೂರುತ್ತೇನೆ. ಸ್ಪಂಜಿನಿಂದ ಕಾಗದವನ್ನು ಪೂರ್ತಿ ತೋಯಿಸಿ, ಅವರು ಕಣ್ಣ ಮುಂದೆ ಇರುವ ಎರಡು ಕ್ಷಣದಲ್ಲಿ ಬಣ್ಣ ಬಿಡುತ್ತೇನೆ. ಉಳಿದದ್ದನ್ನು ನೀರು ನೋಡಿಕೊಳ್ಳುತ್ತದೆ. ರೇಸು ಸಂಘದ ಗುಮಾಸ್ತ ಪ್ರತಿ ವಾರವೂ ಇದು ಬೈಕೋ ಚೆಲ್ಲಿದ ಶಾಯಿಯೋ ಎಂದು ಕೇಳುತ್ತಾನೆ, ಆಮೇಲೆ ತಾನೇ ಎತ್ತಿಕೊಂಡು ಹೋಗಿ ಸಂಘದ ಕೋಣೆಯಲ್ಲಿ ನೇತುಹಾಕುತ್ತಾನೆ. ಬಾಯಿ ಸ್ವಲ್ಪ ಜಾಸ್ತಿ, ಮನುಷ್ಯ ಕೆಟ್ಟವನಲ್ಲ.

ಕೆಂಪು ಜರ್ಸಿ ನನ್ನ ತಮ್ಮನದು. ಅಮ್ಮ ತೀರಿಕೊಂಡಾಗ ಅವನಿಗೆ ಒಂದೂವರೆ ವರ್ಷ, ನನಗೆ ಹದಿನಾಲ್ಕು. ಸೊಂಟದಿಂದ ಇಳಿಸದೆ ಬೆಳೆಸಿದೆ. ತಪ್ಪು ಅಲ್ಲೇ ಆಗಿರಬೇಕು. ಅವನಿಗೆ ಮೂಗಿನ ತುದಿಯಲ್ಲೇ ಕೋಪ, ಮಾತಿಗಿಂತ ಕೈ ಮುಂದು. ಹೋದ ತಿಂಗಳು ತನ್ನನ್ನು ಹಿಂದಿಕ್ಕಿದವನೊಬ್ಬನ ಬಾಯಿಗೆ ಹೆಲ್ಮೆಟ್ ಬೀಸಿ ಎರಡು ಹಲ್ಲು ಉದುರಿಸಿದ. ಅವನು ತಾನಾಗಿಯೇ ಮುಗ್ಗರಿಸಿ ಬಿದ್ದ ಎಂದು ಸಂಘದವರ ಮುಂದೆ ಹೇಳಿ ಬಂದವಳು ನಾನು. ತಮ್ಮನ ಪರವಾಗಿ ಸುಳ್ಳು ಹೇಳುವುದು ನನಗೆ ನೀರು ಕುಡಿದಷ್ಟು ಸಲೀಸು.

ಆ ಭಾನುವಾರ ಕೊನೆಯ ಸುತ್ತಿನಲ್ಲಿ ಕೆಂಪು, ನೀಲಿ ಎರಡೂ ಒಟ್ಟಿಗೆ ಬಂದವು. ನೀಲಿ ಜರ್ಸಿಯವನು ಅರ್ಧ ಚಕ್ರ ಮುಂದಿದ್ದ. ಕಾಗದ ಒದ್ದೆಯಾಗಿತ್ತು, ಎರಡೂ ಬಣ್ಣ ಬಿಟ್ಟಾಗಿತ್ತು. ಆಗ ತಮ್ಮ ಕಾಲೆತ್ತಿ ನೀಲಿಯವನ ಹ್ಯಾಂಡಲ್ಲಿಗೆ ಒದ್ದ. ನಾನು ಕಂಡೆ. ಆ ಧೂಳಿನಲ್ಲಿ ಬೇರೆ ಯಾರಿಗೂ ಕಂಡಿರಲಾರದು. ನೀಲಿಯವನ ಬೈಕು ತಿರುವು ಬಿಟ್ಟು ನೆಟ್ಟಗೆ ಕಲ್ಲುಗೋಡೆಗೆ ನುಗ್ಗಿತು. ಅವನು ಗೋಡೆಗೆ ಬಡಿದು ಕೆಳಗೆ ಬಿದ್ದ, ಅವನ ಎದೆಯ ಮೇಲೆ ಬೈಕು ಬಿತ್ತು. ಎಂಜಿನ್ ಇನ್ನೂ ಓಡುತ್ತಿತ್ತು, ಹಿಂದಿನ ಚಕ್ರ ಅವನ ತೊಡೆಯನ್ನು ಉಜ್ಜುತ್ತಲೇ ಇತ್ತು. ಜನ ಓಡಿಬಂದು ಬೈಕು ಎತ್ತುವಷ್ಟರಲ್ಲಿ ಅವನ ಬಾಯಲ್ಲಿ ರಕ್ತದ ಗುಳ್ಳೆ ಏಳುವುದೂ ನಿಂತಿತ್ತು. ತಮ್ಮ ಆಗಲೇ ಗೆದ್ದು, ಎರಡೂ ಕೈ ಮೇಲೆತ್ತಿ ಕೇಕೆ ಹಾಕುತ್ತಿದ್ದ.

ನಾನು ಏಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ನೋಡಿಕೊಂಡರೆ ಕಪ್ಪು ಬಣ್ಣದ ಬ್ರಷ್ ಕೈಯಲ್ಲಿತ್ತು. ಕೆಂಪಿನಿಂದ ನೀಲಿಗೆ ಒಂದು ಗೆರೆ ಎಳೆದಾಗಿತ್ತು, ಅದರ ತುದಿಯಲ್ಲಿ ಬೂಟು. ಇಷ್ಟೊಂದು ಕಲೆಗಳ ನಡುವೆ ಅದು ನನಗೆ ಮಾತ್ರ ತಿಳಿಯುವ ಗೆರೆ ಅಂದುಕೊಂಡೆ. ಹರಿದುಹಾಕುವಷ್ಟು ಬುದ್ಧಿ ಓಡಲಿಲ್ಲ. ಗುಮಾಸ್ತ ಎಂದಿನಂತೆ ಬಂದು ತೆಗೆದುಕೊಂಡು ಹೋದ.

ಮೂರನೇ ದಿನ ಮಧ್ಯಾಹ್ನ ವೆಲ್ಡಿಂಗ್ ಶೆಡ್ಡಿನಿಂದ ಕರೆ ಬಂತು. ಶೆಡ್ಡು ಸತ್ತವನ ಅಣ್ಣನದು. ಶಟರ್ ಅರ್ಧ ಇಳಿಸಿದ್ದರು, ಬಗ್ಗಿ ಒಳಗೆ ಹೋದೆ. ತಮ್ಮನನ್ನು ಕಬ್ಬಿಣದ ಕಂಬಕ್ಕೆ ಸರಪಳಿ ಸುತ್ತಿ ಬಿಗಿದಿದ್ದರು. ಎಡಗಣ್ಣು ಊದಿ ಮುಚ್ಚಿಹೋಗಿತ್ತು, ತುಟಿ ಸೀಳಿ ಗದ್ದದ ಮೇಲೆ ರಕ್ತ ಒಣಗಿತ್ತು. ಪಕ್ಕದ ಮೇಜಿನ ಮೇಲೆ ನನ್ನ ಚಿತ್ರ, ಅದರ ಮುಂದೆ ಸತ್ತವನ ಹೆಂಡತಿ. ಬೈಕ್ ಟ್ಯಾಂಕುಗಳಿಗೆ ಬಣ್ಣ ಹೊಡೆಯುವ ಕೆಲಸ ಅವಳದು. ಗಂಡನ ಸಾಮಾನು ತರಲು ಸಂಘದ ಕೋಣೆಗೆ ಹೋದವಳು ಗೋಡೆಯಲ್ಲಿದ್ದ ಚಿತ್ರದ ಮುಂದೆ ನಿಂತುಬಿಟ್ಟಳಂತೆ.

ವೆಲ್ಡರ್ ಕೈಯಲ್ಲಿ ದಪ್ಪ ಸರಳಿತ್ತು. "ಇದು ಕಾಲಲ್ಲ, ಬಣ್ಣ ಹರಿದಿದ್ದು ಅಂತ ನಿನ್ನ ತಮ್ಮ ಬಾಯಿ ಬಡ್ಕೋತಿದಾನೆ. ಹರಿದಿದ್ರೆ ತೋರಿಸಿ ಕರ್ಕೊಂಡು ಹೋಗು. ಒದ್ದಿದ್ರೆ, ಆ ಕಾಲು ಅವನಿಗೆ ಇರಲ್ಲ."

ತಮ್ಮ ಒಂದೇ ಕಣ್ಣಲ್ಲಿ ನನ್ನನ್ನೇ ನೋಡುತ್ತಿದ್ದ. ನನಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ, ಅವನು ನಡೆದುಕೊಂಡು ಮನೆಗೆ ಬಂದರೆ ಸಾಕಿತ್ತು. ಚೀಲದಿಂದ ಹೊಸ ಕಾಗದ ತೆಗೆದು ತೋಯಿಸಿ, ಕೆಂಪು ಹಾಕಿದೆ, ನೀಲಿ ಹಾಕಿದೆ, ನಡುವೆ ಕಪ್ಪು ಮುಟ್ಟಿಸಿದೆ. ಕಪ್ಪು ನೀರಲ್ಲಿ ಬೇರು ಬಿಟ್ಟಂತೆ ಸರಸರ ನೀಲಿಯ ಕಡೆ ಹರಡಿತು. ನೋಡಿ, ಇದರಲ್ಲಿ ನನ್ನ ಕೈವಾಡವಿಲ್ಲ, ಎಲ್ಲ ನೀರಿನ ಕೆಲಸ ಎಂದೆ. ವೆಲ್ಡರ್ ಬಹಳ ಹೊತ್ತು ನೋಡಿದ. ಆಮೇಲೆ ಸರಳನ್ನು ಕೆಳಗಿಟ್ಟು ಹೋಗಿ ತಮ್ಮನ ಒಂದು ಕೈ ಬಿಚ್ಚಿದ. ನನಗೆ ಹೋದ ಜೀವ ಬಂದಂತಾಯಿತು.

ಅವಳು ಮಾತ್ರ ಎರಡು ಕಾಗದವನ್ನೂ ಅಕ್ಕಪಕ್ಕ ಜೋಡಿಸಿ, ಬೆರಳಿನಿಂದ ಅಂಚು ಸವರುತ್ತಿದ್ದಳು. "ಭಾವ, ಸ್ವಲ್ಪ ತಡೀರಿ," ಎಂದಳು. "ಇದರಲ್ಲಿ ಕಪ್ಪು ಹರಡಿದೆ. ಅದರಲ್ಲಿ ಹರಡಿಲ್ಲ, ಅಂಚು ಕತ್ತರಿಸಿದ ಹಾಗಿದೆ. ಅದು ಕಾಗದ ಒಣಗಿದ ಮೇಲೆ ಹಾಕಿದ್ದು." ನನ್ನ ಕಡೆ ತಿರುಗಿದಳು. "ನನ್ನ ಗಂಡ ಅಲ್ಲಿ ಬಿದ್ದಿದ್ದಾಗ ನೀವು ಕೂತು ಹಾಕಿದ್ದೀರಿ. ಏನು ನೋಡಿ ಹಾಕಿದ್ರಿ?"

ನಾನು ಬಾಯಿ ತೆರೆಯುವ ಮೊದಲೇ ತಮ್ಮನ ಬಿಚ್ಚಿದ ಕೈ ನನ್ನ ಕೂದಲು ಹಿಡಿದಿತ್ತು. ಮುಖವನ್ನು ಮೇಜಿಗೆ ಅಪ್ಪಳಿಸಿದ. ಎರಡನೇ ಸಲಕ್ಕೆ ಮೂಗು ಲಟಕ್ಕೆಂದಿತು.

"ಕಾಲು ಯಾಕೆ ಬರೆದೆ?" ಅವನು ಹಲ್ಲು ಕಚ್ಚಿ ಕೇಳುತ್ತಿದ್ದ. "ಯಾರೂ ನೋಡಿರಲಿಲ್ಲ. ನೀನು ಬರೀದೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

ತಾನು ಏನು ಹೇಳಿದೆನೆಂದು ಅವನಿಗೆ ಆಮೇಲೆ ಹೊಳೆದಿರಬೇಕು, ಕೂದಲು ಬಿಟ್ಟ. ವೆಲ್ಡರ್ ಅವನ ಕೈಯನ್ನು ಹಿಂದಕ್ಕೆ ತಿರುಚಿ ಮತ್ತೆ ಸರಪಳಿ ಬಿಗಿದು, ಸರಳು ಎತ್ತಿಕೊಂಡ.

ನಾನು ನೆಲದ ಮೇಲೆ ಕೂತಿದ್ದೆ. ಅವಳು ಬಂದು ಎದುರಿಗೆ ಕುಕ್ಕರಿಸಿ, ಬಣ್ಣ ಒರೆಸುವ ಬಟ್ಟೆಯನ್ನು ನನ್ನ ಮೂಗಿಗೆ ಒತ್ತಿ ಹಿಡಿದಳು. ಏಟು ತಿಂದು ಅವನಿಗೆ ತಲೆ ಕೆಟ್ಟಿದೆ, ಏನೇನೋ ಬಡಬಡಿಸುತ್ತಿದ್ದಾನೆ ಎನ್ನಬಹುದಿತ್ತು. ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು.

"ಅವನು ಹೇಳಿದ್ದು ಸಾಕಾಗಲ್ಲ," ಎಂದಳು ಮೆಲ್ಲಗೆ. "ನೋಡಿದವರು ನೀವೊಬ್ಬರೇ. ಯಾವ ಕಾಲು?"

"ಬಲಗಾಲು," ಎಂದೆ.

ವೆಲ್ಡರ್ ಮಂಡಿಗೇ ಗುರಿಯಿಟ್ಟು ಬೀಸಿದ. ಯಾರಿಗಾದರೂ ಆ ನೋವಿಗೆ ಬಾಯಲ್ಲಿ ಅಮ್ಮಾ ಎಂದೇ ಬರುತ್ತದೆ. ನನ್ನ ತಮ್ಮನಿಗೆ ಆ ಮಾತು ಯಾರೂ ಕಲಿಸಿರಲಿಲ್ಲ. ಅವನು ಪ್ರತಿ ಏಟಿಗೂ ಅಕ್ಕಾ ಎಂದು ಕೂಗಿದ.